ಇನ್ನೊಬ್ಬನ ಹೆಸರಿನ ನೆತ್ತರು

ಲ್ಯಾಬಿನ ಬಾಗಿಲ ಚೌಕಟ್ಟು ಹಿಡಿದ ಕೈಯನ್ನು ಓಂಕಾರಮೂರ್ತಿ ಮೊದಲು ನೋಡಿದ, ಮುಖವನ್ನು ಆಮೇಲೆ. ಹೆಬ್ಬೆರಳು ಮರದ ಮೇಲೆ ತಾನಾಗಿ ಒಂದು ಸಲ ಜಿಗಿದು ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಕಿರುಬೆರಳು ಜಿಗಿಯಿತು. ಸೂಕ್ಷ್ಮದರ್ಶಕದ ಕೆಳಗೆ ದೊಡ್ಡಉಳ್ಳಾರ್ತಿಯ ಯಾವುದೋ ಹೆಂಗಸಿನ ಮಲೇರಿಯಾ ಸ್ಲೈಡಿತ್ತು. ಆಗಲೇ ನೋಡಿ ಮುಗಿಸಿದ್ದ ಆ ಸ್ಲೈಡಿಗೆ ಅವನು ಮತ್ತೆ ಕಣ್ಣು ಒತ್ತಿಕೊಂಡ. ಹೀಗೆ ನೋಡುತ್ತಲೇ ಇದ್ದರೆ ಬಂದವನು ಬೇಸತ್ತು ಹೊರಟುಹೋಗಬಹುದೆಂಬ ಆಸೆ ಎಷ್ಟು ಅಗ್ಗದ್ದು ಎಂದು ಅವನಿಗೇ ಗೊತ್ತಿತ್ತು. ಒಂದೂವರೆ ವರ್ಷದ ಹಿಂದೆ ಮೊಳಕಾಲ್ಮೂರಿನ ಬಸ್ ನಿಲ್ದಾಣದಲ್ಲಿ ಇದೇ ಮನುಷ್ಯ ಮೆಟ್ಟಿಲು ಇಳಿಯುವಾಗ ಕಾಲು ಅಡ್ಡಡ್ಡ ಎಸೆದದ್ದನ್ನು ಕಂಡು, ಓಂಕಾರಮೂರ್ತಿ ಬಾಳೆಹಣ್ಣಿನ ಗಾಡಿಯ ಹಿಂದೆ ಸರಿದು ನಿಂತಿದ್ದ. ಬೇಡದಿದ್ದರೂ ಹಣ್ಣು ಕೊಂಡು, ಬಸ್ಸಿನಲ್ಲಿ ಒಂದರ ಮೇಲೊಂದು ತಿಂದು, ಹೊಟ್ಟೆ ಕೆಟ್ಟು, ಅದಕ್ಕೆ ಹೆಂಡತಿ ಸುಲೋಚನಮ್ಮ ಬೈದಾಗ ಬೈಸಿಕೊಳ್ಳುವುದಕ್ಕೆ ಒಂದು ಕಾರಣ ಸಿಕ್ಕಿತೆಂದು ಹಗುರಾಗಿದ್ದ.

"ಸಾರ್, ನಾನು ಬಾಲರಾಜು. ಮೊಳಕಾಲ್ಮೂರು" ಎಂದ ಬಂದವನು. ಗುರುತು ಸಿಗಲಿಲ್ಲವೇನೋ ಎಂಬ ಸಂಕೋಚದಲ್ಲಿ ತಾಯಿಯ ಹೆಸರನ್ನೂ ಸೇರಿಸಿದ: "ಪಾತಮ್ಮನ ಮಗ. ಮಗ್ಗದೋನು." ಓಂಕಾರಮೂರ್ತಿ ಕುರ್ಚಿ ತೋರಿಸಿದ. ಕೂರುವುದೆಂದರೆ ಬಾಲರಾಜುವಿಗೆ ಈಗ ಒಂದು ದೊಡ್ಡ ಕೆಲಸವಾಗಿತ್ತು. ಸೊಂಟ ಒಂದು ಕಡೆ ಇಳಿಯುವಾಗ ಭುಜ ಇನ್ನೊಂದು ಕಡೆ ಹೋಗುತ್ತಿತ್ತು, ಅದನ್ನು ಮುಚ್ಚಿಡಲು ಅವನು ಕೂದಲು ಸರಿಮಾಡಿಕೊಳ್ಳುವಂತೆ, ಅಂಗಿಯ ಕಾಲರು ಎಳೆದುಕೊಳ್ಳುವಂತೆ ನಟಿಸುತ್ತಿದ್ದ. ಆ ನಟನೆಯನ್ನು ಓಂಕಾರಮೂರ್ತಿಗೆ ನೋಡಲಾಗಲಿಲ್ಲ. ತನ್ನ ಅಪ್ಪ ತೋಟಪ್ಪ ಕೂಡ ಹೀಗೆಯೇ, ಕೈ ಹಾರಿದಾಗಲೆಲ್ಲ ನೊಣ ಓಡಿಸಿದಂತೆ ಮಾಡುತ್ತಿದ್ದ. ಮಂಡಿಯಲ್ಲಿ ಶೇಂಗಾ ಚೀಲಗಳ ನಡುವೆ ಕೂತು ಇಲ್ಲದ ನೊಣಗಳನ್ನು ಓಡಿಸುವ ವ್ಯಾಪಾರಿಯನ್ನು ನೋಡಿ ಹಮಾಲರು ನಗುತ್ತಿದ್ದರು.

ಬಾಲರಾಜು ಬಂದದ್ದು ಒಂದು ಚೀಟಿಗಾಗಿ. ತಾನು ಕುಡಿಯುವುದಿಲ್ಲ ಎಂದು ರಕ್ತ ನೋಡಿ ಬರೆದುಕೊಡಬೇಕು, ಅದಕ್ಕೆ ಲ್ಯಾಬಿನ ಮೊಹರು ಹಾಕಬೇಕು. ಎರಡು ವರ್ಷದಿಂದ ಕೈ ಮಾತು ಕೇಳುವುದಿಲ್ಲ. ಲಾಳಿ ಹೊಡೆದರೆ ಎಲ್ಲೆಲ್ಲೋ ಹೋಗುತ್ತದೆ. ರೇಷ್ಮೆ ಎಳೆ ಕಡಿಯುತ್ತದೆ. ಮಗ್ಗದ ಯಜಮಾನ ಚಿಕ್ಕೀರಪ್ಪ ಮೂರು ಸೀರೆ ಹಾಳಾಗುವವರೆಗೆ ತಡೆದುಕೊಂಡ, ನಾಲ್ಕನೆಯದಕ್ಕೆ ಮಗ್ಗಕ್ಕೆ ಏರಿಸಿದ್ದ ಹಾಸಿನ ಎಳೆಗಳನ್ನೇ ಕತ್ತರಿಸಿ ಬೇರೆಯವರಿಗೆ ಕೊಟ್ಟ. ಕುಡಿದು ಮಗ್ಗ ಮುಟ್ಟಬಾರದು ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ. ಅಂದಿನಿಂದ ಹೆಂಡತಿ ರಾಧಮ್ಮ ಇವನ ಬಾಯಿ ಮೂಸಿ ನೋಡದೆ ಒಳಗೆ ಬಿಡುವುದಿಲ್ಲ. ವಾಸನೆ ಇಲ್ಲದಿದ್ದರೆ ಏಲಕ್ಕಿ ಅಗಿದು ಬಂದಿದ್ದೀಯ ಎನ್ನುತ್ತಾಳೆ. ಹೋದ ಸೋಮವಾರ ಬೀದಿಯ ನಲ್ಲಿಯ ಹತ್ತಿರ ಪೊರಕೆಯಲ್ಲಿ ಹೊಡೆದಳು. ಈ ವಾರ ಮಗುವನ್ನು ಎತ್ತಿಕೊಂಡು ತವರಿಗೆ, ದೇವಸಮುದ್ರಕ್ಕೆ, ಹೊರಡುತ್ತೇನೆಂದು ಕೂತಿದ್ದಾಳೆ. ಇದನ್ನೆಲ್ಲ ಅವನು ಮತ್ತಾರದೋ ಮನೆಯ ಸುದ್ದಿಯಂತೆ ತಣ್ಣಗೆ ಹೇಳಿದ.

"ಅವ್ಳ್ದೂ ತಪ್ಪಿಲ್ಲ ಸಾರ್. ಬೆಂಗ್ಳೂರು ಡಾಕ್ಟ್ರಮ್ಮ ರಕ್ತ ಚೊಕ್ಕ ಐತೆ ಅಂತ ಬರ್ಕೊಟ್ಟವ್ರೆ. ಅವ್ವನ ಕಾಯ್ಲೆ ಇಲ್ಲ ಅಂದ್ಮ್ಯಾಲೆ ಇದು ಕುಡಿತ ಅಲ್ದೆ ಇನ್ನೇನು ಅಂತಾಳೆ. ನಂಗೇ ಒಂದೊಂದ್ಸಲ ಅನುಮಾನ ಬರ್ತೈತೆ, ಎಲ್ಲೋ ಕುಡ್ದು ನಾನೇ ಮರ್ತಿದೀನೇನೋ ಅಂತ."

ಹೇಳಿ ನಕ್ಕ. ನಕ್ಕಾಗ ತಲೆ ಹಿಂದಕ್ಕೆ ಎಗರಿತು. ಓಂಕಾರಮೂರ್ತಿ ಎದ್ದು ಸಿರಿಂಜು ತೆಗೆದ. ಕುಡಿತವನ್ನು ಅಳೆಯುವ ಯಾವ ಪರೀಕ್ಷೆಯೂ ಚಳ್ಳಕೆರೆಯ ಪಾವಗಡ ರಸ್ತೆಯ ಈ ಎರಡು ಕೋಣೆಯ ಲ್ಯಾಬಿನಲ್ಲಿ ಇರಲಿಲ್ಲ. ಆದರೂ ರಬ್ಬರ್ ಪಟ್ಟಿ ಬಿಗಿದ, ನರ ತಡವಿದ. ತೋಳು ನಿಲ್ಲಲೊಲ್ಲದು. ಅದನ್ನು ತನ್ನ ಕಂಕುಳಲ್ಲಿ ಒತ್ತಿ ಹಿಡಿದು, ಮೈಗೆ ಮೈ ಹತ್ತಿಸಿಕೊಂಡು ಸೂಜಿ ಚುಚ್ಚಿದಾಗ, ಆ ಬೆಚ್ಚನೆಯ ತೋಳಿನ ಒಳಗೆ ಏನೋ ಒಂದು ಬಿಡುವಿಲ್ಲದೆ ಕೊಸರಾಡುತ್ತಿರುವುದು ಅವನ ಪಕ್ಕೆಗೆ ತಾಗಿತು. ನಳಿಕೆ ತುಂಬಿತು. ಈ ಸಲ ಹೆಸರು ಸರಿಯಾಗಿತ್ತು.

ಏಳು ವರ್ಷದ ಹಿಂದೆ, ತೊಂಬತ್ತೊಂಬತ್ತರ ಮಾರ್ಚಿಯಲ್ಲಿ, ಜಗದಾಂಬ ಎಂಬ ಡಾಕ್ಟರು ಬೆಂಗಳೂರಿನಿಂದ ಜೀಪಿನಲ್ಲಿ ಬಂದು ಇವನ ಲ್ಯಾಬಿನ ಮುಂದೆ ಇಳಿದಿದ್ದಳು. ಮೊಳಕಾಲ್ಮೂರಿನ ನೇಕಾರರ ಒಂದು ವಂಶದಲ್ಲಿ ನಲವತ್ತರ ಆಸುಪಾಸಿನಲ್ಲಿ ಕೈಕಾಲು ಕುಣಿಯತೊಡಗುವ ಕಾಯಿಲೆ ಇದೆ. ಆ ವಂಶದವರ ರಕ್ತ ತೆಗೆಯಲು ನುರಿತ ಕೈ ಬೇಕು ಎಂದಳು. ದಾರಿಯುದ್ದಕ್ಕೂ ಅವಳು ನಿದ್ದೆಯ ಬಗ್ಗೆ ಮಾತಾಡಿದಳು. ಕೈ ಕುಣಿಯುವುದು ಕೊನೆಗೆ, ಎಷ್ಟೋ ವರ್ಷ ಮೊದಲೇ ನಿದ್ದೆ ಕೆಡುತ್ತದೆ. ಕೆಟ್ಟ ನಿದ್ದೆ ರಕ್ತದಲ್ಲಿ ಏನಾದರೊಂದು ಗುರುತು ಬಿಟ್ಟೇ ಇರುತ್ತದೆಂದು ಅವಳ ಊಹೆ, ಅವಳು ಹುಡುಕುತ್ತಿದ್ದದ್ದು ಆ ಗುರುತನ್ನು. ಅದಕ್ಕೆ ಒಬ್ಬೊಬ್ಬರಿಂದ ಎರಡು ನಳಿಕೆ: ಒಂದು ನಿದ್ದೆಯ ಗುರುತಿಗೆ, ಇನ್ನೊಂದು ಕಾಯಿಲೆಯ ಬೀಜ ಇದೆಯೋ ಇಲ್ಲವೋ ನೋಡಲು. ಶಾಲೆಯ ಕೋಣೆಯಲ್ಲಿ ಹದಿನಾಲ್ಕು ಜನ ಸಾಲಾಗಿ ಕೂತರು. ಡಾಕ್ಟರು ಕೇಳಿದ್ದನ್ನು ಅವನು ಅವರ ಮಾತಿಗೆ ತಿರುಗಿಸಿ ಕೇಳಬೇಕಿತ್ತು. ಮಲಗಿದ ಮೇಲೆ ಎಚ್ಚರಾಗ್ತೈತಾ, ಎಷ್ಟು ಸಲ. ನಿದ್ದೆಗಣ್ಣಲ್ಲಿ ಒದೀತೀರಾ, ಪಕ್ಕದಲ್ಲಿ ಮಲಗಿದೋರು ಹೇಳವ್ರಾ. ಹಗಲೊತ್ತು ಕೂತಲ್ಲೇ ಜೋಂಪು ಹತ್ತುತ್ತಾ. ಒಂದೊಂದು ಪ್ರಶ್ನೆಗೂ ಅವರಿಗಿಂತ ಮೊದಲು ಅವನ ಮನಸ್ಸು ಉತ್ತರ ಕೊಡುತ್ತಿತ್ತು. ಎಚ್ಚರಾಗುತ್ತದೆ, ನಾಲ್ಕು ಸಲ, ಐದು ಸಲ. ಒದೆಯುತ್ತೇನೆ, ಸುಲೋಚನ ಬೇರೆ ಚಾಪೆ ಹಾಕಿಕೊಂಡಿದ್ದಾಳೆ. ಹತ್ತುತ್ತದೆ.

ಅಷ್ಟು ಹೊತ್ತಿಗೆ ಪಾತಮ್ಮನನ್ನು ಇಬ್ಬರು ಹಿಡಿದುಕೊಂಡು ಬಂದರು. ಅವಳು ಬಾಗಿಲಲ್ಲಿ ನಿಂತಾಗ ಓಂಕಾರಮೂರ್ತಿಯ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು. ಸೀರೆ ಉಟ್ಟು, ಹೂ ಮುಡಿದು, ತನ್ನ ಅಪ್ಪನೇ ನಡೆದು ಬಂದಂತೆ ಕಂಡಿತು. ಅದೇ ಅಡ್ಡಕಾಲು, ಅದೇ ಹಾರುವ ಭುಜ, ನೊಣ ಓಡಿಸುವ ಅದೇ ಕೈ. ಚಳ್ಳಕೆರೆಯ ಪೇಟೆಯೆಲ್ಲ ಕುಡುಕ ತೋಟಪ್ಪ ಎನ್ನುತ್ತಿತ್ತು. ಮನೆಯವರೂ ಅದನ್ನೇ ನಂಬಿ, ಲಿಂಗ ಕಟ್ಟಿಕೊಂಡವನು ಹೀಗಾದನಲ್ಲ ಎಂದು ಹಿತ್ತಿಲ ಕೋಣೆಗೆ ಹಾಕಿ, ಕೊನೆಯ ವರ್ಷ ಕೈಯನ್ನು ಮಂಚಕ್ಕೆ ಕಟ್ಟುತ್ತಿದ್ದರು. ಕಟ್ಟುವ ಕೆಲಸ ಓಂಕಾರನದು. ಕಾಲೇಜಿನ ದಿನಗಳಲ್ಲಿ ಗೆಳೆಯರ ಜೊತೆ ನೆಹರು ವೃತ್ತದಲ್ಲಿ ನಿಂತಿದ್ದಾಗ ಅಪ್ಪ ದೂರದಿಂದ ಬರುವುದು ಕಂಡು, ಅವರು ನಗುವ ಮೊದಲೇ ನಗಿಸಿಬಿಡಬೇಕೆಂದು, ಅವನೇ ನಾಲ್ಕು ಹೆಜ್ಜೆ ಹಾಗೆ ನಡೆದು ತೋರಿಸಿದ್ದ. ಕಾಲನ್ನು ಅಡ್ಡಡ್ಡ ಎಸೆದು, ಭುಜ ಹಾರಿಸಿ. ಚೆನ್ನಾಗಿ ನಡೆದಿದ್ದ. ಗೆಳೆಯರು ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದರು. ಅಪ್ಪನೂ ದೂರದಲ್ಲಿ ನಿಂತು ನೋಡಿ ನಕ್ಕಿದ್ದ. ಯಾಕೆ ನಕ್ಕನೆಂದು ಇವತ್ತಿಗೂ ತಿಳಿದಿಲ್ಲ. ಆ ನಡಿಗೆಯನ್ನು ತಾನು ಅಷ್ಟು ಚೆನ್ನಾಗಿ ಕಲಿತದ್ದು ಯಾವಾಗ, ಅದು ಕಲಿತದ್ದೋ ಮೊದಲೇ ಮೈಯಲ್ಲಿ ಇದ್ದದ್ದೋ ಎಂಬ ಪ್ರಶ್ನೆ ಪಾತಮ್ಮನನ್ನು ನೋಡಿದ ಆ ಗಳಿಗೆಯಲ್ಲಿ ಹುಟ್ಟಿತು. ಅವನಿಗಾಗ ನಲವತ್ತೊಂದು. ಅಪ್ಪನಿಗೆ ಶುರುವಾದದ್ದು ನಲವತ್ತೆರಡಕ್ಕೆ.

ಸಾಲಿನಲ್ಲಿ ಬಾಲರಾಜು ಒಂಬತ್ತನೆಯವನು. ಇಪ್ಪತ್ತೆಂಟರ ಹುಡುಗ, ಮದುವೆ ಮಾತು ನಡೆದಿತ್ತು. ದೇವಸಮುದ್ರದ ಹೆಣ್ಣಿನ ಅಪ್ಪ, ತಾಯಿಯ ಕಾಯಿಲೆ ಮಗನಿಗೆ ಇಲ್ಲವೆಂದು ಗೊತ್ತಾಗುವವರೆಗೆ ವೀಳ್ಯ ಬದಲಾಯಿಸುವುದಿಲ್ಲ ಎಂದಿದ್ದ. ನೋಯುತ್ತದೆಯೇ ಎಂದು ನಗುತ್ತ ಕೇಳಿ, ತೋಳು ಕೊಟ್ಟು, ಹತ್ತಿ ಒತ್ತಿಕೊಂಡು ಟೀ ಕುಡಿಯಲು ಹೊರಗೆ ಹೋದ. ಡಾಕ್ಟರು ಪಾತಮ್ಮನ ನಡಿಗೆ ನೋಡಲು ಅಂಗಳಕ್ಕೆ ಹೋಗಿದ್ದಳು. ಆಗ ಬಾಲರಾಜುವಿನ ಒಂದು ನಳಿಕೆ ಜಾರಿ ಬಿತ್ತು, ಒಡೆಯಿತು. ಕೈ ನಡುಗಿ ಬಿತ್ತೋ, ಬೆವರಿಗೆ ಜಾರಿತೋ. ಬಾಲರಾಜು ಹತ್ತು ಮಾರು ದೂರದಲ್ಲಿದ್ದ, ಕರೆದರೆ ಬರುತ್ತಿದ್ದ, ಇನ್ನೊಂದು ಚುಚ್ಚಿಗೆ ಬೇಡ ಎನ್ನುವವನಲ್ಲ. ಹೊಸ ನಳಿಕೆಗಳು ಪೆಟ್ಟಿಗೆಯಲ್ಲಿದ್ದವು. ಆದರೆ ಕರೆದರೆ ಡಾಕ್ಟರಿಗೆ ಗೊತ್ತಾಗುತ್ತದೆ, ನುರಿತ ಕೈ ಯಾಕೆ ಜಾರಿತು ಎಂದು ಅವಳು ಈ ಕೈಯನ್ನೇ ನೋಡುತ್ತಾಳೆ. ಕೈ ನೋಡುವುದೇ ಅವಳ ಕಸುಬು. ಓಂಕಾರಮೂರ್ತಿ ಬಾಗಿಲು ಮುಂದಕ್ಕೆ ಎಳೆದ. ರಬ್ಬರ್ ಪಟ್ಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಡತೋಳಿಗೆ ಬಿಗಿದ. ಎರಡು ಹೊಸ ನಳಿಕೆ ತುಂಬಿಸಿದ, ಎರಡರ ಮೇಲೂ ಬಾಲರಾಜು ಎಂದು ಬರೆದ. ಇದನ್ನು ನೂರಾರು ಸಲ ನೆನೆದಿದ್ದ. ಒಡೆದದ್ದು ಒಂದು, ತುಂಬಿಸಿದ್ದು ಎರಡು. ಅಲ್ಲಿಗೆ ಬಂದಾಗ ನೆನಪು ಪ್ರತಿ ಸಲವೂ ಒಂದು ಹೆಜ್ಜೆ ಹಾರಿ ಮುಂದೆ ಹೋಗುತ್ತಿತ್ತು.

ಆರು ತಿಂಗಳಿಗೆ ಡಾಕ್ಟರು ಮತ್ತೆ ಬಂದಳು. ಉಳಿದವರೆಲ್ಲ ತಿಳಿದುಕೊಂಡು ಏನು ಮಾಡುವುದು ಎಂದು ಕೈಮುಗಿದರು. ಕೇಳಿದವನು ಬಾಲರಾಜು ಒಬ್ಬನೇ. ರಕ್ತ ಚೊಕ್ಕವಾಗಿದೆ, ತಾಯಿಯ ಕಾಯಿಲೆಯ ಬೀಜ ಇಲ್ಲ ಎಂದು ಅವಳು ಹೇಳುವಾಗ ಓಂಕಾರಮೂರ್ತಿ ಪಕ್ಕದಲ್ಲೇ ನಿಂತಿದ್ದ. ಬಾಲರಾಜು ಅಳುತ್ತ ಇವನ ಕಾಲು ಮುಟ್ಟಲು ಬಾಗಿದ. ಇವನಿಗೂ ಅಳು ಬಂತು. ಒಂದೇ ಸುದ್ದಿಗೆ ಇಬ್ಬರು ಅತ್ತರು, ಒಬ್ಬನ ಅಳು ಮಾತ್ರ ನಿಜವಾದದ್ದಕ್ಕೆ. ಅಂದಿನಿಂದ ಓಂಕಾರಮೂರ್ತಿಗೆ ನಿದ್ದೆ ಬಂತು. ಅಂಥ ನಿದ್ದೆಯನ್ನು ಅವನು ಚಿಕ್ಕಂದಿನಲ್ಲೂ ಮಾಡಿರಲಿಲ್ಲ. ಒದೆಯುವುದು ನಿಂತಿತು, ಸುಲೋಚನಮ್ಮ ಚಾಪೆಯನ್ನು ಹತ್ತಿರ ತಂದಳು. ಎಚ್ಚರವಿಟ್ಟದ್ದು ಕಾಯಿಲೆಯಲ್ಲ, ಬರೀ ಹೆದರಿಕೆ. ಮಗಳು ಶಿಲ್ಪಾಳಿಗೆ ಗಂಡು ನೋಡುವಾಗ ಅವನ ಬೆನ್ನು ನೆಟ್ಟಗಿತ್ತು, ನಮ್ಮ ಮನೆತನದಲ್ಲಿ ಯಾವ ಕಾಯಿಲೆಯೂ ಇಲ್ಲ ಎಂದು ಬೀಗರ ಮುಂದೆ ಹೇಳಿದಾಗ ತನ್ನ ಮತ್ತು ಮಗಳ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ. ಬಾಲರಾಜುವಿನ ಮದುವೆಗೂ ಹೋಗಿ ಅಕ್ಷತೆ ಹಾಕಿದ್ದ. ಆಗೆಲ್ಲ ತನಗೆ ತಾನೇ ಹೇಳಿಕೊಂಡದ್ದು ಒಂದೇ: ಅವನಿಗೂ ಇಲ್ಲದಿರಬಹುದು, ಅರ್ಧಕ್ಕೆ ಅರ್ಧ. ನಾಣ್ಯ ಎಸೆದಂತೆ. ನಾಣ್ಯ ನೆಲ ಮುಟ್ಟಲು ಐದು ವರ್ಷ ತೆಗೆದುಕೊಂಡಿತು.

"ಚೀಟಿ ಬ್ಯಾಡ" ಎಂದ ಓಂಕಾರಮೂರ್ತಿ, ಸೂಜಿ ಬಿಸಾಡುತ್ತ. "ನಾನೇ ಬರ್ತೀನಿ. ನಿನ್ನ ಹೆಂಡ್ತಿಗೆ ನಾನೇ ಹೇಳ್ತೀನಿ." ಬಾಲರಾಜುವಿನ ಮುಖದಲ್ಲಿ ಮೂಡಿದ ಕೃತಜ್ಞತೆಯಿಂದ ತಪ್ಪಿಸಿಕೊಳ್ಳಲು ಅವನು ಬೀಗದ ಕೈ ಹುಡುಕುವ ನೆಪದಲ್ಲಿ ಒಳಗೆ ಹೋದ. ಈಗಲೇ, ಇಲ್ಲೇ ಹೇಳಬಹುದಿತ್ತು. ಬಾಯಿಗೆ ಬಂದದ್ದನ್ನು ದಾರಿಯಲ್ಲಿ ಹೇಳುತ್ತೇನೆ ಎಂದು ಮುಂದೂಡಿದ.

ಬಳ್ಳಾರಿ ಕಡೆಯ ಖಾಸಗಿ ಬಸ್ಸಿನಲ್ಲಿ ಸಂತೆಗೆ ಹೋಗಿ ಬರುವವರೇ ತುಂಬಿದ್ದರು. ಓಂಕಾರಮೂರ್ತಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಬಾಲರಾಜು ಎರಡು ಸಾಲು ಮುಂದೆ ಕಂಬಿ ಹಿಡಿದು ನಿಂತ. ತಳಕು ದಾಟಿತು, ಹಿರೇಹಳ್ಳಿ ದಾಟಿತು. ಹೊರಗೆ ಕಾವಲಿನ ಒಣಹುಲ್ಲು, ಒಂದು ಕುರಿಹಿಂಡು, ದೂರದಲ್ಲಿ ಬೋಳುಗುಡ್ಡ. ಬಿ.ಜಿ. ಕೆರೆ ದಾಟಿದ ಮೇಲೆ ಬಸ್ಸು ಗುಂಡಿಯೊಂದಕ್ಕೆ ಇಳಿದೆದ್ದಾಗ ಬಾಲರಾಜುವಿನ ಕೈ ಕಂಬಿಯಿಂದ ಹಾರಿ, ಮೊಟ್ಟೆಯ ಬುಟ್ಟಿ ಮಡಿಲಲ್ಲಿಟ್ಟುಕೊಂಡಿದ್ದ ಹೆಂಗಸಿನ ಮೇಲೆ ಅವನು ಬಿದ್ದ. ಅವಳು ತೆಲುಗಿನಲ್ಲಿ ಶಪಿಸುತ್ತ ಎದ್ದು ನಿಂತಳು, ಹಳದಿ ಲೋಳೆ ಅವಳ ಸೀರೆಯಿಂದ ತೊಟ್ಟಿಕ್ಕಿತು. ಏಳಲು ಹೋದ ಬಾಲರಾಜು ಇನ್ನೊಬ್ಬನಿಗೆ ಒದ್ದ. ಕಂಡಕ್ಟರು ಜನರನ್ನು ಸರಿಸಿಕೊಂಡು ಬಂದು, ಹಗಲೊತ್ತಿನಲ್ಲೇ ಹಾಕಿಕೊಂಡು ಹತ್ತಿದ್ದೀಯಾ ಎಂದು ರಟ್ಟೆ ಹಿಡಿದ. ಬಾಲರಾಜು ಗದರಲಿಲ್ಲ, ಬೇಡಲೂ ಇಲ್ಲ. ಸೀದಾ ಓಂಕಾರಮೂರ್ತಿಯ ಕಡೆ ಕೈ ತೋರಿಸಿದ. ಆ ಕೈ ತೋರಿಸಿದ ಕಡೆಯಲ್ಲಿ ನಿಲ್ಲದೆ ಅತ್ತಿತ್ತ ಅಲೆದಾಡಿತು.

"ಅವ್ರನ್ನ ಕೇಳ್ರಿ. ಲ್ಯಾಬಿನೋರು. ಈಗ ರಕ್ತ ನೋಡವ್ರೆ."

ಬಸ್ಸೆಲ್ಲ ತಿರುಗಿ ನೋಡಿತು. ನಿಮ್ಮ ಕಡೆಯವರಾ ಎಂದು ಕಂಡಕ್ಟರು ಮರ್ಯಾದೆಯಿಂದಲೇ ಕೇಳಿದ. ಹೇಳಬೇಕಾದದ್ದು ಎಷ್ಟು ಚಿಕ್ಕದು: ಕುಡಿದಿಲ್ಲ, ಕಾಯಿಲೆ. ಎರಡು ಮಾತು. ಆದರೆ ಕಾಯಿಲೆ ಎಂದರೆ ಯಾವ ಕಾಯಿಲೆ ಎನ್ನುತ್ತಾರೆ, ರಕ್ತದಲ್ಲಿ ಇಲ್ಲ ಎಂದು ಬರೆದುಕೊಟ್ಟಿದ್ದರಲ್ಲ ಎಂದು ಬಾಲರಾಜುವೇ ಕೇಳುತ್ತಾನೆ, ಇಷ್ಟು ಕಣ್ಣುಗಳ ಮುಂದೆ. ಅವನ ನಾಲಿಗೆ ಅಷ್ಟರಲ್ಲಿ ತನ್ನ ದಾರಿ ಹಿಡಿದಿತ್ತು. ಲ್ಯಾಬಿಗೆ ಬಂದಿದ್ದ, ಅಷ್ಟೇ ಪರಿಚಯ ಎಂದ. ಲ್ಯಾಬಿಗೆ ಹೋಗುವ ಮಟ್ಟಕ್ಕೆ ಬಂದಿದ್ದರೆ ಲಿವರು ತೂತು ಬಿದ್ದಿರಬೇಕೆಂದು ಹಿಂದಿನ ಸೀಟಿನವನೊಬ್ಬ ಅಂದ. ಕೆಲವರು ನಕ್ಕರು. ಹಾನಗಲ್ ಕ್ರಾಸಿನಲ್ಲಿ ಬಸ್ಸು ನಿಂತಾಗ ಬಾಲರಾಜುವನ್ನು ಇಳಿಸಿದರು. ಇಳಿಸಿದರು ಎನ್ನುವುದಕ್ಕಿಂತ, ಕಂಡಕ್ಟರು ಕೈ ಬಿಟ್ಟ, ಅವನು ಮೆಟ್ಟಿಲಿನಿಂದ ನೆಲಕ್ಕೆ ಹೋದ. ಓಂಕಾರಮೂರ್ತಿ ಎದ್ದ, ಎದ್ದು ನಿಂತು, ಬಸ್ಸು ಹೊರಟಾಗ ಮತ್ತೆ ಕೂತ. ಹಿಂದಿನ ಗಾಜಿನಲ್ಲಿ ರಸ್ತೆಯ ಮಗ್ಗುಲಲ್ಲಿ ನಿಂತ ಬಾಲರಾಜುವಿನ ಕೈ ಮೇಲೆದ್ದದ್ದು ಕಂಡಿತು. ನಿಲ್ಲಿಸಲು ಎತ್ತಿದನೋ, ಹೋಗಿ ಬನ್ನಿ ಎಂದನೋ, ಕೈ ತಾನೇ ಎದ್ದಿತೋ. ಪಕ್ಕದ ಮುದುಕ ಇಂಥವರಿಂದಲೇ ಹೆಂಗಸರು ಬಸ್ ಹತ್ತುವ ಹಾಗಿಲ್ಲ ಎಂದು ಇವನ ಒಪ್ಪಿಗೆಗೆ ಕಾದ. ಇವನು ತಲೆಯಾಡಿಸಿದ. ತಲೆಯಾಡಿಸಿದ್ದಕ್ಕೆ ತನ್ನ ಕತ್ತನ್ನೇ ಮುರಿದುಕೊಳ್ಳಬೇಕೆನ್ನಿಸಿತು, ಆದರೆ ಮುದುಕ ಮತ್ತೇನೋ ಹೇಳಿದಾಗ ಇನ್ನೊಮ್ಮೆ ಆಡಿಸಿದ.

ಮೊಳಕಾಲ್ಮೂರಿನಲ್ಲಿ ಇಳಿದಾಗ ಮಧ್ಯಾಹ್ನ ಮೂರಾಗಿತ್ತು. ವಾಪಸ್ಸಿನ ಬಸ್ಸು ಎದುರಿಗೇ ನಿಂತಿತ್ತು, ಖಾಲಿ. ಅದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅವನ ಕಾಲುಗಳು ನೇಕಾರರ ಬೀದಿಯ ಕಡೆ ತಿರುಗಿದವು. ಧೈರ್ಯ ಬಂದಿತೆಂದು ಅಲ್ಲ. ಬಾಲರಾಜು ನಡೆದು ಬರುವಷ್ಟರಲ್ಲಿ ಹೇಳಿ ಮುಗಿಸಿ ಹೊರಡಬಹುದು, ಅವನ ಮುಖ ನೋಡುವುದು ತಪ್ಪುತ್ತದೆ ಎಂಬ ಲೆಕ್ಕಾಚಾರ ಅದರ ಅಡಿಯಲ್ಲಿತ್ತು. ಮನೆಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಸದ್ದಿಲ್ಲದ ಮನೆ ಯಾವುದೋ ಅದೇ ಬಾಲರಾಜುವಿನದು.

ರಾಧಮ್ಮ ಒಳಗೆ ರಾಟೆಯ ಮುಂದೆ ಕೂತು ಬೇರೆಯವರ ಮಗ್ಗಕ್ಕೆ ನೂಲು ಸುತ್ತುತ್ತಿದ್ದಳು. ಅವಳ ಹಿಂದೆ, ನೇಯುವವನು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿ ಬರಿದಾಗಿತ್ತು, ಅದರೊಳಗೆ ನಾಲ್ಕು ವರ್ಷದ ಹೆಣ್ಣುಮಗು ಇಳಿದು ಆಡುತ್ತಿತ್ತು. ತೀರಿಹೋದ ಅಜ್ಜಿಯ ಹೆಸರನ್ನೇ ಇಟ್ಟಿದ್ದರು, ಸಣ್ಣ ಪಾತಮ್ಮ. ಗೋಡೆಯ ಹತ್ತಿರ ಒಂದು ಚೀಲ ಕಟ್ಟಿ ತಯಾರಾಗಿತ್ತು. ಬನ್ನಿ ಅಣ್ಣಾ ಎಂದು ಅವಳು ಚಾಪೆ ಹಾಸಿದಳು. ಮದುವೆಗೆ ಬಂದವರು, ರಕ್ತ ತೆಗೆದವರು, ಡಾಕ್ಟರು ಚೊಕ್ಕ ಎಂದಾಗ ಪಕ್ಕದಲ್ಲಿ ನಿಂತಿದ್ದವರು ಎಂದು ಅವಳಿಗೆ ನೆನಪಿತ್ತು. ನೀರು ಕೊಟ್ಟಳು. ಇವರಿಗೆ ಬುದ್ಧಿ ಹೇಳಿ, ನಾನು ಹೇಳಿ ಸೋತೆ ಎಂದಳು. ಓಂಕಾರಮೂರ್ತಿ ನೀರು ಕುಡಿದು ಲೋಟವನ್ನು ಕೆಳಗಿಡದೆ ಕೈಯಲ್ಲೇ ಹಿಡಿದುಕೊಂಡು ಹೇಳತೊಡಗಿದ. ಬಸ್ಸಿನಲ್ಲಿ ಜೋಡಿಸಿಟ್ಟ ಮಾತುಗಳು ಒಂದೂ ಬರಲಿಲ್ಲ. ನಿನ್ನ ಗಂಡ ಕುಡಿಯುವುದಿಲ್ಲ. ಅದು ಅವನ ತಾಯಿಯ ಕಾಯಿಲೆಯೇ. ಅವತ್ತು ಡಾಕ್ಟರು ನೋಡಿದ್ದು ಅವನ ರಕ್ತವಲ್ಲ, ನಳಿಕೆ ಬದಲಾಗಿತ್ತು. ಬದಲಾಯಿತು ಎಂದ ಮೇಲೆ ಆ ಪದ ತನ್ನನ್ನೇ ದಿಟ್ಟಿಸುತ್ತಿದೆ ಅನ್ನಿಸಿತು. ರಾಧಮ್ಮನ ಕೈ ರಾಟೆಯ ಮೇಲೆ ನಿಂತಿತ್ತು.

"ಹೆಂಗ್ ಬದ್ಲಾತು?"

"ಒಂದು ನಳಿಕೆ ಬಿದ್ದು ಒಡೀತು. ಅದು ನಿದ್ದೆ ಪರೀಕ್ಷೆದು. ಕಾಯ್ಲೆ ನೋಡೋ ನಳಿಕೆ ಚೆನ್ನಾಗೇ ಇತ್ತು." ಇಷ್ಟು ವರ್ಷ ನೆನಪು ಹಾರುತ್ತಿದ್ದ ಜಾಗದಲ್ಲಿ ಅವನೀಗ ನಿಂತಿದ್ದ. ಕಿಟಕಿ, ಕಿಟಕಿಯಾಚೆ ಶಾಲೆಯ ತಿಪ್ಪೆ, ಅಂಗೈಯಲ್ಲಿ ಇನ್ನೂ ಬೆಚ್ಚಗಿದ್ದ ನಳಿಕೆ. "ಅದನ್ನ ನಾನೇ ಎಸೆದೆ, ತಾಯಿ."

"ಹಂಗಾರೆ ಆ ಒಳ್ಳೇ ರಕ್ತ ಯಾರ್ದು?"

"ನಂದು."

ಬೈಯುತ್ತಾಳೆಂದು ಕಾದ, ಪೊರಕೆಗೆ ಕೈ ಹಾಕುತ್ತಾಳೆಂದು ಕಾದ, ಅದು ಬಂದರೆ ಒಂದು ಬಗೆಯ ನೆಮ್ಮದಿಯಾಗುತ್ತಿತ್ತೇನೋ. ಅವಳ ಮುಖದಲ್ಲಿ ಇವನಿಗೆ ಸಂಬಂಧಪಟ್ಟ ಏನೂ ಇರಲಿಲ್ಲ. ಅವಳು ಎರಡು ವರ್ಷಗಳ ಹಿಂದೆ ಹೋಗಿ ಒಂದೊಂದೇ ದಿನವನ್ನು ತಿರುಗಿಸಿ ನೋಡುತ್ತ ಬರುತ್ತಿದ್ದಳು. ಬಾಯಿ ಮೂಸಿದ್ದು, ಊಟ ಹಾಕದೆ ಮಲಗಿಸಿದ್ದು, ನಲ್ಲಿಯ ಹತ್ತಿರ. "ಅವ್ರು ಕುಡೀತಿರ್ಲಿಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಎದ್ದು ಹೋಗಿ ಗುಂಡಿಯಿಂದ ಮಗುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು, ಇವಳಿಗೂ ಬರುತ್ತದೆಯೇ ಎಂದು ಕೇಳಿದಳು. ಬರಬಹುದು, ಬರದೇ ಇರಬಹುದು, ಅರ್ಧಕ್ಕೆ ಅರ್ಧ. ಹದಿನೆಂಟು ತುಂಬುವವರೆಗೆ ರಕ್ತ ನೋಡುವುದಿಲ್ಲ ಎಂದ. ಅವಳು ತಲೆಯಾಡಿಸಿದಳು. ಗಂಡ ಎಲ್ಲಿ ಎಂದು ಕೇಳಿದಳು. ಕ್ರಾಸಿನಲ್ಲಿ ಇಳಿಸಿದರು ಎಂದ. ನೀವೇನು ಮಾಡುತ್ತಿದ್ದಿರಿ ಎಂದು ಅವಳು ಕೇಳಲಿಲ್ಲ. ಚಪ್ಪಲಿ ಕೂಡ ಮೆಟ್ಟದೆ ಹೊರಟಳು, ಅವನು ಹಿಂದೆ ಹೋದ.

ಊರ ಹೊರಗೆ, ಹುಣಸೇಮರಗಳ ಸಾಲಿನಲ್ಲಿ, ಬಾಲರಾಜು ಯಾರದೋ ಸೊಪ್ಪಿನ ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಬರುತ್ತಿದ್ದ. ಮೊಣಕೈ ತರಚಿ ರಕ್ತ ಒಣಗಿತ್ತು. ಓಂಕಾರಮೂರ್ತಿಯನ್ನು ನೋಡಿ ಅವನೇ ನಾಚಿಕೊಂಡು, ನಿಮ್ಮ ಮಾನ ಕಳೆದೆ ಸಾರ್, ಬಸ್ಸಿನಲ್ಲಿ ನಿಮ್ಮ ಹೆಸರು ಹೇಳಬಾರದಿತ್ತು ಎಂದ. ರಾಧಮ್ಮ ಅವನ ರಟ್ಟೆ ಹಿಡಿದು ಇಳಿಸಿಕೊಂಡಳು. ಬೀದಿಗೆ ಬಂದ ಮೇಲೆ, ಚಿಕ್ಕೀರಪ್ಪನ ಮನೆಯ ಮುಂದೆ ನಿಂತಳು. ಯಜಮಾನ ಜಗುಲಿಯ ಮೇಲೆ ಸೀರೆ ಮಡಿಸುತ್ತಿದ್ದ, ನಾಲ್ಕಾರು ಜನ ಕೂತಿದ್ದರು. ಅವಳು ದನಿ ಏರಿಸಲಿಲ್ಲ. "ನಮ್ಮನಿಯೋರು ಕುಡ್ದಿಲ್ಲ. ಅವ್ರ ಅವ್ವಂಗೆ ಬಂದಿದ್ದೇ ಬಂದೈತೆ. ಲ್ಯಾಬಿನೋರು ಬಂದು ಹೇಳವ್ರೆ" ಎಂದಳು. ಚಿಕ್ಕೀರಪ್ಪನ ಕೈಯಿಂದ ಸೀರೆಯ ಮಡಿಕೆ ಬಿಚ್ಚಿಕೊಂಡಿತು. ಅವನು ಎದ್ದು ಮೇಲಿನ ವಸ್ತ್ರ ಸರಿಮಾಡಿಕೊಂಡ, ಅಯ್ಯೋ ಶಿವನೇ ಎಂದ. ಬಾಲರಾಜು ಹೆಂಡತಿಯ ಮುಖ ನೋಡಿದ, ಆಮೇಲೆ ಓಂಕಾರಮೂರ್ತಿಯ ಮುಖ. ಕಿವಿಗೆ ಬಿದ್ದದ್ದರ ಅರ್ಥವೇನೆಂದು ಬಾಲರಾಜುವಿಗೆ ತಿಳಿಯಿತು. ತಿಳಿಯದೆ ಇರುವುದು ಹೇಗೆ, ಅದೇ ಕಾಯಿಲೆಯ ತಾಯಿಯನ್ನು ಹನ್ನೊಂದು ವರ್ಷ ಸಾಕಿದವನು. ಆದರೂ ಮೊದಲು ಅವನ ಮುಖದಲ್ಲಿ ಬಂದದ್ದು ಗೆಲುವು. ಬೀದಿಯನ್ನೆಲ್ಲ ಒಮ್ಮೆ ನೋಡಿ, "ನಾ ಹೇಳಿರ್ಲಿಲ್ವಾ?" ಎಂದ. ಓಂಕಾರಮೂರ್ತಿಯ ಕೈ ಹಿಡಿದುಕೊಂಡು ನಕ್ಕ, ನಗುವಾಗ ಮೈಯೆಲ್ಲ ಕುಣಿಯಿತು, ಇವತ್ತು ಅದನ್ನು ಮುಚ್ಚಿಡಲು ಕೂದಲು ಸರಿಮಾಡಿಕೊಳ್ಳಲಿಲ್ಲ. "ಮಾನ ಉಳಿಸಿದ್ರಿ ಸಾರ್. ಸತ್ರೂ ಕುಡ್ಕ ಅಂತ ಸಾಯಾಕಿಲ್ಲ."

ಆಗ ಹೇಳಬೇಕಿತ್ತು. ರಾಧಮ್ಮ ಉಳಿದದ್ದನ್ನು ಹೇಳಿಬಿಡುತ್ತಾಳೆಂದು ಅವನು ಅವಳ ಕಡೆ ನೋಡಿದ. ಅವಳು ಮುಂದೆ ನಡೆಯುತ್ತಿದ್ದಳು. ಅವಳು ಹೇಳುವುದಿಲ್ಲವೆಂದು ನಿಧಾನವಾಗಿ ಗೊತ್ತಾಯಿತು. ಇವನಿಗಾಗಿ ಅಲ್ಲ. ಗಂಡನ ಕೈಗೆ ಇವತ್ತು ಸಿಕ್ಕ ಈ ಒಂದನ್ನು ಇವತ್ತೇ ಕಿತ್ತುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ.

ಊಟ ಮಾಡಿಕೊಂಡೇ ಹೋಗಬೇಕೆಂದು ಬಾಲರಾಜು ಪಟ್ಟು ಹಿಡಿದ. ಲಿಂಗಾಯತರು ನಮ್ಮಲ್ಲಿ ಉಣ್ಣುತ್ತಾರೋ ಇಲ್ಲವೋ ಎಂಬ ಅಳುಕು ಅವನ ಮಾತಿನಲ್ಲಿತ್ತು, ಆದ್ದರಿಂದ ಬೇಡವೆನ್ನುವ ದಾರಿಯೂ ಮುಚ್ಚಿತು. ಅವರಿಬ್ಬರು ಎದುರುಬದುರು ಕೂತರು. ರಾಗಿ ಮುದ್ದೆ, ಹುರುಳಿ ಸಾರು. ಬಾಲರಾಜು ತುತ್ತು ಮುರಿದು ಎತ್ತುವಾಗ ಕೈ ಹಾರಿ ತಟ್ಟೆಯ ಅಂಚಿಗೆ ಬಡಿಯಿತು, ಸಾರು ನೆಲಕ್ಕೆ ಹೋಯಿತು. ಅವನು ಹೆದರಿ ಹೆಂಡತಿಯ ಕಡೆ ನೋಡಿದ, ಎರಡು ವರ್ಷದ ಅಭ್ಯಾಸ. ರಾಧಮ್ಮ ನೆಲ ಒರೆಸಿದಳು. ಇನ್ನೊಂದು ತಟ್ಟೆಗೆ ಬಡಿಸಿಕೊಂಡು ಅವನ ಪಕ್ಕದಲ್ಲಿ ಕೂತು, ತಾನೇ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಅವನ ತಲೆ ನಿಲ್ಲುವವರೆಗೆ ಕಾದು, ಬಾಯಿಗಿಟ್ಟಳು. ಪರರ ಮುಂದೆ ಹೆಂಡತಿಯ ಕೈತುತ್ತು ತಿನ್ನುವುದಕ್ಕೆ ಅವನಿಗೆ ನಾಚಿಕೆ. ಆದರೂ ಬಾಯಿ ತೆರೆದ. ಎರಡು ತುತ್ತು, ಮೂರು. ಮಗು ಪಕ್ಕದಲ್ಲಿ ನಿಂತು ತನಗೂ ಎಂದಿತು, ಅದಕ್ಕೂ ಒ‌ಂದು ಕೊಟ್ಟಳು. ನಾಲ್ಕನೆಯ ತುತ್ತನ್ನು ಹಿಡಿದುಕೊಂಡು, ಗಂಡನ ತಲೆ ನಿಲ್ಲುವುದನ್ನೇ ನೋಡುತ್ತ, ಓಂಕಾರಮೂರ್ತಿಯ ಕಡೆ ತಿರುಗದೆ, ಮನೆಗೆ ಬಂದ ನೆಂಟರೊಡನೆ ಮಾತಾಡುವ ದನಿಯಲ್ಲೇ ಹೇಳಿದಳು:

"ಹೊಟ್ಟೆ ತುಂಬ ಉಣ್ಣು ಅಣ್ಣಾ. ಇನ್ನೊಂದ್ಸಲ ಈ ಹೊಸ್ಲು ತುಳೀಬ್ಯಾಡ."

ಬಾಲರಾಜು ತಬ್ಬಿಬ್ಬಾಗಿ ಹೆಂಡತಿಯನ್ನು ನೋಡಿದ, ಆಮೇಲೆ ಅತಿಥಿಯನ್ನು. ಯಾಕೆ ಎಂದು ಕೇಳಲು ಬಾಯಿ ತೆರೆದಾಗ ಅವಳು ತುತ್ತು ಇಟ್ಟಳು. ಓಂಕಾರಮೂರ್ತಿಯ ತಟ್ಟೆಯಲ್ಲಿ ಇನ್ನೂ ಅರ್ಧ ಮುದ್ದೆ ಇತ್ತು. ಎದ್ದರೆ ಅನ್ನಕ್ಕೆ ಅವಮಾನ. ಅವನು ತಲೆ ತಗ್ಗಿಸಿ, ಮುರಿದು, ನುಂಗಿ, ಮುಗಿಯುವವರೆಗೆ ಉಂಡ.